ಕಾಗೆ ಮುಟ್ಟಿದ ದಿನದ ರಿಪೋರ್ಟು

ಕಾಗೆ ಚಿಕ್ಕಣ್ಣನ ತಲೆ ಮುಟ್ಟಿದ್ದನ್ನು ಭದ್ರಮ್ಮ ನೋಡದೇ ಇದ್ದಿದ್ದರೆ ವಿಷಯ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಗುರುಪುರದ ಆ ಬೀದಿಯಲ್ಲಿ ಭದ್ರಮ್ಮ ನೋಡದೇ ಇರುವಂಥದ್ದು ಏನೂ ನಡೆಯುವುದಿಲ್ಲ. ಮೋಡ ಕವಿದ ಬೆಳಗು. ಚಿಕ್ಕಣ್ಣ ಅಂಗಳದಲ್ಲಿ ಬಗ್ಗಿ ಮುಖ ತೊಳೆಯುತ್ತಿದ್ದ. ಹಿತ್ತಲಿನ ಬ್ಯಾರನ್ ಗೂಡಿನ ಬಿಸಿಯಲ್ಲಿ ಬೇಯುತ್ತಿದ್ದ ಹೊಗೆಸೊಪ್ಪಿನ ಘಾಟು ಮೇಲೇರಲಾರದೆ ನೆಲದ ಮೇಲೇ ತೆವಳುತ್ತಿತ್ತು. ಆ ಮಬ್ಬಿನೊಳಗಿಂದ ಬಂದ ಕಾಗೆಯೊಂದು ಅವನ ನೆತ್ತಿಯ ಮೇಲೆ ಕಾಲೂರಿ, ಒಂದು ಗಳಿಗೆ ಕೂತು, ಕಾ ಅನ್ನದೆ ಹಾರಿಹೋಯಿತು.

“ಅಯ್ಯಯ್ಯೋ, ಕಾಗೆ ಮುಟ್ತಲ್ಲೋ ಚಿಕ್ಕಣ್ಣ!” ಬೇಲಿಯಾಚೆ ಭದ್ರಮ್ಮ ಎದೆ ಬಡಿದುಕೊಂಡಳು. “ಅದೂ ನೆತ್ತಿಗೆ! ಅದೂ ಇವತ್ತೇಯ!”

ಇವತ್ತೇಯ ಎಂದು ಅವಳು ಒತ್ತಿ ಹೇಳಿದ್ದಕ್ಕೆ ಕಾರಣವಿತ್ತು. ಹೋದ ವರ್ಷ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಚಿಕ್ಕಣ್ಣನ ಪ್ರಾಸ್ಟೇಟ್ ಗ್ರಂಥಿಯನ್ನು ಅದರೊಳಗಿನ ಕ್ಯಾನ್ಸರ್ ಸಮೇತ ತೆಗೆದಿದ್ದರು. ‘ಆಗಾಗ ಪಿಎಸ್‌ಎ ಅಂತ ಒಂದು ರಕ್ತಪರೀಕ್ಷೆ ಮಾಡಿಸ್ತಾ ಇರಿ. ನಂಬರು ಸೊನ್ನೆ ಹತ್ತಿರಾನೇ ಇರ್ಬೇಕು, ಏರಿದ್ರೆ ಬನ್ನಿ’ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವತ್ತಿನಿಂದ ಸೊನ್ನೆಯೇ ಚಿಕ್ಕಣ್ಣನ ಮನೆದೇವರು. ಪರೀಕ್ಷೆಯ ದಿನ ಹತ್ತಿರ ಬಂದಂತೆ ಅವನಿಗೆ ಊಟ ಸೇರದು, ನಿದ್ದೆ ಹತ್ತದು. ಬ್ಯಾರನ್ನಿನ ಥರ್ಮಾಮೀಟರಿನಲ್ಲಿ ಪಾದರಸ ಏರುವುದನ್ನು ಕಂಡರೂ ತನ್ನ ನಂಬರೇ ಏರಿತೇನೋ ಎಂದು ಬೆವರುತ್ತಿದ್ದ. ಇವತ್ತು ಹುಣಸೂರಿಗೆ ಹೋಗಿ ರಕ್ತ ಕೊಡುವ ದಿನ, ಇವತ್ತೇ ಸಂಜೆ ರಿಪೋರ್ಟು.

“ಇದಕ್ಕೊಂದು ಪರಿಹಾರ ಮಾಡ್ಲೇಬೇಕು ಕಣಪ್ಪಾ,” ಎಂದಳು ಭದ್ರಮ್ಮ.

“ಎಳ್ಳೆಣ್ಣೆ ದೀಪ ಹಚ್ಚು ಬುಡು ಭದ್ರಕ್ಕ,” ಎಂದು ಚಿಕ್ಕಣ್ಣ ನಕ್ಕ. ಮತ್ತೊಂದು ಸಲ ತಲೆಗೆ ನೀರು ಹುಯ್ದುಕೊಂಡು ಹೊರಟಾಗ ಹೆಂಡತಿ ಸುನಂದಮ್ಮ ಅವನ ಜೇಬಿನಿಂದ ಫೋನು ತೆಗೆದುಕೊಂಡಳು.

“ಚಾರ್ಜೇ ಇಲ್ಲ ಕಣ್ರೀ ಇದ್ರಲ್ಲಿ. ಮನೇಲೇ ಇರ್ಲಿ, ಓಗ್ಬನ್ನಿ.”

ಯಾವತ್ತೂ ಅವನ ಫೋನಿನ ತಂಟೆಗೆ ಬಾರದ ಹೆಂಗಸು. ಮುಖ ನೋಡಿ ಮಾತಾಡಲೂ ಇಲ್ಲ. ಚಿಕ್ಕಣ್ಣನಿಗೆ ಅದು ಸ್ವಲ್ಪ ವಿಚಿತ್ರವೆನಿಸಿತಾದರೂ ತಲೆಯ ತುಂಬ ನಂಬರೇ ಇದ್ದದ್ದರಿಂದ ಬೇರೆ ಯೋಚನೆಗೆ ಜಾಗವಿರಲಿಲ್ಲ.

ಹುಣಸೂರಿನ ಲ್ಯಾಬಿನಲ್ಲಿದ್ದವನು ಅವರೂರಿನವನೇ, ಭದ್ರಮ್ಮನ ತಂಗಿಯ ಮಗ ಕಿರಣ್ಕುಮಾರ್. “ಏನೂ ಆಗಿರಲ್ಲ ಬುಡಿ ದೊಡ್ಡಪ್ಪ. ನಾಲ್ಕು ಗಂಟೆಗೆ ಬನ್ನಿ,” ಎಂದು ಸೂಜಿ ಚುಚ್ಚಿ, ರಕ್ತ ಎಳೆದುಕೊಂಡು, ಹತ್ತಿ ಒತ್ತಿ ಕಳಿಸಿದ.

ನಾಲ್ಕು ಗಂಟೆಯವರೆಗೆ ಮಾಡುವುದೇನು? ಚಿಕ್ಕಣ್ಣ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ನಿಂತ. ಕೆಂಪು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಕಂಬಿಯ ಮೇಲೆ ಒಂದು ಕಾಗೆ ಕೂತಿತ್ತು. ಬೆಳಗಿನದೇ ಇರಬಹುದೆ? ಅದು ಕತ್ತು ವಾಲಿಸಿ, ಗೊತ್ತಿರುವವರ ಹಾಗೆ ಅವನನ್ನೇ ನೋಡಿತು. ಚಿಕ್ಕಣ್ಣ ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಅಲ್ಲಿಂದ ಕಾಲುಕಿತ್ತ. ಮಧ್ಯಾಹ್ನ ಹೋಟೆಲಿನಲ್ಲಿ ಕೂತರೂ ಅನ್ನ ಇಳಿಯಲಿಲ್ಲ. ಹಳೆಯ ಗೆಳೆಯ ಸಲೀಮನ ಫ್ಲೆಕ್ಸ್ ಅಂಗಡಿಗೆ ಹೋದರೆ ಮಾತಿನಲ್ಲಿ ಹೊತ್ತಾದರೂ ಕಳೆದೀತು ಎಂದು ಅತ್ತ ಹೆಜ್ಜೆ ಹಾಕಿದ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕರೆಂಟು ಮಂಕಾಗಿತ್ತು. ಒಳಗೆ ದೊಡ್ಡ ಮೆಷಿನ್ನು ಮಾತ್ರ ಕಿರ್ರ್ ಕಿರ್ರ್ ಎನ್ನುತ್ತ ಒಂದು ಫ್ಲೆಕ್ಸನ್ನು ಇಷ್ಟಿಷ್ಟೇ ಹೊರಗೆ ಬಿಡುತ್ತಿತ್ತು. ಮೊದಲು ಅಕ್ಷರ ಬಂತು: ಭಾವಪೂರ್ಣ ಶ್ರದ್ಧಾಂಜಲಿ. ಪಾಪ, ಯಾರಿಗೆ ಬಂತೋ ಎಂದು ಚಿಕ್ಕಣ್ಣ ಲೊಚಗುಟ್ಟಿದ. ಆಮೇಲೆ ಒಂದು ಪೇಟ ಬಂತು. ಅಕ್ಕನ ಮನೆಯ ಗೃಹಪ್ರವೇಶದಲ್ಲಿ ತನಗೆ ಸುತ್ತಿದ್ದೂ ಇಂಥದೇ ಪೇಟ ಎಂದುಕೊಂಡ. ಆಮೇಲೆ ಹಣೆ ಬಂತು. ಹಣೆಯ ಎಡಕ್ಕೆ ಒಂದು ಗಾಯದ ಗುರುತು. ಚಿಕ್ಕಣ್ಣನ ಕೈ ತಾನಾಗಿ ತನ್ನ ಹಣೆಯ ಎಡಕ್ಕೆ ಹೋಯಿತು. ಆಮೇಲೆ ಎರಡು ಕಣ್ಣು ಮೆಲ್ಲಗೆ ಹೊರಬಂದು ಅವನನ್ನು ದಿಟ್ಟಿಸಿದವು.

ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದು. ತಿರುಗಿದರೆ ಬಾಗಿಲಲ್ಲಿ ಸಲೀಂ, ಕೈಯಲ್ಲಿ ಸುಗಂಧರಾಜದ ದಪ್ಪ ಹಾರ.

“ಯಾ ಅಲ್ಲಾ,” ಎಂದ ಸಲೀಂ. “ಚಿಕ್ಕಣ್ಣ, ನಿಂದು ಫಸ್ಟ್ ಕ್ಲಾಸಾಗಿ ಮಾಡ್ತಿದೀನಿ ಕಣೋ. ಮೀಸೆಗೆ ಕಪ್ಪು ನಾನೇ ಜಾಸ್ತಿ ಹಾಕಿದೀನಿ. ನನ್ ಮೇಲೆ ಕೋಪ ಮಾಡ್ಕೋಬೇಡ!”

ಹಾರ ಅಲ್ಲೇ ಬಿತ್ತು, ಚಪ್ಪಲಿ ಅಲ್ಲೇ ಉಳಿಯಿತು, ಸಲೀಂ ಕಣ್ಮರೆಯಾದ.

ಚಿಕ್ಕಣ್ಣನ ತೊಡೆ ಬೆಚ್ಚಗಾಯಿತು. ಆಪರೇಷನ್ ಆದಾಗಿನಿಂದ ಕೆಮ್ಮಿದರೆ, ಬೆಚ್ಚಿದರೆ ಒಂದೆರಡು ಹನಿ ಕೇಳದೇ ಜಾರುತ್ತಿತ್ತು. ಅದಕ್ಕಾಗಿ ಅವನು ಪಟ್ಟ ನಾಚಿಕೆ ಅಷ್ಟಿಷ್ಟಲ್ಲ. ಇವತ್ತು ಮೊದಲ ಸಲ ಅದರಿಂದ ಸಮಾಧಾನವಾಯಿತು. ಸತ್ತವನ ಪಂಚೆ ಒದ್ದೆಯಾಗುವುದಿಲ್ಲ, ಅಲ್ಲವೆ?

ಲ್ಯಾಬಿನ ಕಡೆ ಓಡಿದ. ಶಟರ್ ಎಳೆದಿತ್ತು. ಪಕ್ಕದ ಜೆರಾಕ್ಸ್ ಅಂಗಡಿಯವನು ತಲೆಯೆತ್ತದೆ ಹೇಳಿದ: “ಆಗ್ಲೇ ಬಾಗ್ಲಾಕ್ಕೊಂಡು ಹೋದ್ರು. ಅವ್ರೂರಲ್ಲಿ ಯಾರೋ ತೀರ್ಕೊಂಡ್ರಂತೆ.”

“ಯಾರು?”

“ಬೆಳಿಗ್ಗೆ ತಾನೇ ಇಲ್ಲಿಗೆ ಬಂದು ಬ್ಲಡ್ ಕೊಟ್ಟೋದ್ರಂತೆ, ಅವ್ರೇ.”

ಊರಿನ ಬಸ್ಸಿಗೆ ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಬಸ್ಸಿನ ತುಂಬ ಹೆಂಗಸರು. ಕಂಡಕ್ಟರು ಫ್ರೀ ಟಿಕೆಟ್ಟಿಗೆ ಅವರ ಆಧಾರ್ ಕಾರ್ಡು ನೋಡುತ್ತ, ಚಿಕ್ಕಣ್ಣ ಚಾಚಿದ ನೋಟಿನ ಪಕ್ಕದಲ್ಲೇ ಹಿಂದಕ್ಕೂ ಮುಂದಕ್ಕೂ ಓಡಾಡಿದ. ತೆಗೆದುಕೊಳ್ಳಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಮೂಗಿಗೆ ಏನೋ ಇಟ್ಟು, ‘ಎಣಿಸಿ’ ಅಂದಿದ್ದರು. ಎಣಿಸಿದ್ದ. ಆಮೇಲೆ ಎದ್ದದ್ದು ನಿಜವೆ? ಈ ಒಂದು ವರ್ಷ ಬ್ಯಾರನ್ ಮುಂದೆ ಕೂತದ್ದು, ಸುನಂದಮ್ಮನ ಜೊತೆ ಜಗಳಾಡಿದ್ದು, ಅದೆಲ್ಲ ಏನು? ಇನ್ನು ಪಂಚೆಯ ವಿಷಯ, ಸತ್ತವರಿಗೂ ಹಾಗಾಗುತ್ತದೋ ಏನೋ, ಯಾರನ್ನು ಕೇಳುವುದು? ಒಂದು ಮಾತ್ರ ಖಂಡಿತವಾಗಿತ್ತು. ಸತ್ತಿದ್ದರೆ ನಂಬರಿನ ಹೆದರಿಕೆ ಇರಬಾರದಿತ್ತು. ಅದು ಮಾತ್ರ ಎದೆಯಲ್ಲಿ ಹಾಗೇ ಕೂತಿತ್ತು.

ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಹೊಗೆ ಇನ್ನೂ ನೆಲ ಬಿಟ್ಟಿರಲಿಲ್ಲ. ಅವನ ಮನೆಯ ಮುಂದೆ ಒಂದು ಬಾಡಿಗೆ ವ್ಯಾನು, ಹೊಸ್ತಿಲ ಹೊರಗೆ ಚಪ್ಪಲಿಗಳು. ಒಳಗಿನಿಂದ ರಾಗ ಕೇಳಿಬಂತು. ಪಿರಿಯಾಪಟ್ಟಣದ ಅವನ ಅಕ್ಕನ ದನಿ.

“ಅಯ್ಯೋ ನನ್ ತಮ್ಮಾ... ಆ ಸುಡುಗಾಡು ಕಾಯ್ಲೇನ ಒಟ್ಟೇಲಿ ಇಟ್ಕೊಂಡು, ಸಂಕ್ಟಾನ ಯಾರ್ಗೂ ಏಳ್ದೆ ನಗ್ತಿದ್ದಲ್ಲೋ... ನಿನ್ಗೆ ಎಷ್ಟು ಎದ್ರಿಕೆ ಆಗಿತ್ತೋ ಏನೋ, ಒಂದ್ಸಲ ಕೇಳ್ನಿಲ್ವಲ್ಲೋ ನಾನು...”

“ಅಕ್ಕ, ಒಂದ್ ನಿಮಿಷ...” ಎಂದು ನಡುವೆ ಸುನಂದಮ್ಮನ ದನಿ.

“ಒಗೆಸೊಪ್ಪು ಬೇಯ್ಸಿ ಬೇಯ್ಸಿ ನೀನೇ ಬೆಂದೋದ್ಯಲ್ಲೋ ನನ್ನಪ್ಪಾ...”

ಚಿಕ್ಕಣ್ಣ ಕಿಟಕಿಯ ಕಂಬಿ ಹಿಡಿದು ನಿಂತ. ಒಂದು ವರ್ಷದಿಂದ ಬಂದವರೆಲ್ಲ ‘ಏನಾಗಲ್ಲ ಬುಡು’ ಎಂದೇ ಹೇಳಿ ಹೋಗಿದ್ದರು. ನಿನಗೆ ಹೆದರಿಕೆಯಾಗಿತ್ತೇನೋ ಎಂದು ಒಬ್ಬರೂ ಕೇಳಿರಲಿಲ್ಲ. ಅದನ್ನು ಕೇಳಿಸಿಕೊಳ್ಳಲು ತಾನು ಸಾಯಬೇಕಾಯಿತಲ್ಲ ಎಂದು ದುಃಖ ಉಕ್ಕಿಬಂತು. ತನ್ನದೇ ಸಾವಿಗೆ ಅವನು ಬಿಕ್ಕಿ ಬಿಕ್ಕಿ ಅತ್ತ.

ಸದ್ದಿಗೆ ಅಕ್ಕ ತಲೆಯೆತ್ತಿದಳು. ಕಿಟಕಿಯಲ್ಲಿ ತಲೆಗೆ ಬಿಳಿ ಟವೆಲು ಸುತ್ತಿಕೊಂಡು ಅಳುತ್ತಿರುವ ತಮ್ಮ. ಅವಳು ಹಾಕಿದ ಕೂಗಿಗೆ ಬ್ಯಾರನ್ ಸೂರಿನ ಪಾರಿವಾಳಗಳೆಲ್ಲ ಎದ್ದವು.

“ದೆವ್ವ ಅಲ್ಲ ಕಣವ್ವ, ನಿನ್ ತಮ್ಮನೇಯ!” ಭದ್ರಮ್ಮ ಗೆದ್ದವಳಂತೆ ಎದ್ದು ನಿಂತಳು. “ಕಾಗೆ ಮುಟ್ಟುದ್ರೆ ಸತ್ತೋದ್ರು ಅಂತ ನೆಂಟ್ರಿಗೆ ಸುಳ್ಳು ಸುದ್ದಿ ಕಳ್ಸಿ ಅಳಿಸ್ಬೇಕು. ಅತ್ರೆ ದೋಸ ಕಳೀತದೆ. ಫೋನಲ್ಲಿ ಅತ್ತ ತಕ್ಷಣ ನಿಜ ಏಳಾನ ಅಂದ್ರೆ ನೀನು ಕಟ್ ಮಾಡ್ಬುಟ್ಟು ವ್ಯಾನ್ ಏರುದ್ರೆ ನಾವೇನ್ ಮಾಡಾನ? ಬಂದ್ಮೇಲಾದ್ರೂ ಬಾಯ್ ತಗೆಯಾಕ್ ಬುಟ್ರೆ ತಾನೆ? ನಿನ್ ಮಗ ಯತೀಸ ಆಗ್ಲೇ ಪಿಲೆಕ್ಸು ಬರ್ಸಾಕೂ ಕೊಟ್ಟವ್ನಂತೆ, ಏನ್ ಅವಸ್ರವೋ!”

ಅಕ್ಕ ಹೊರಗೆ ಬಂದು ತಮ್ಮನ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ಅವನನ್ನು ತಬ್ಬಿಕೊಂಡು ಮೊದಲಿಗಿಂತ ಜೋರಾಗಿ ಅತ್ತಳು. ಚಿಕ್ಕಣ್ಣ ಹೆಂಡತಿಯ ಕಡೆ ತಿರುಗಿದ.

“ನೀನೂ ಇದ್ನೆಲ್ಲ ನಂಬ್ತೀಯಾ ಸುನಂದಾ?”

“ನಂಬಾಕಿಲ್ಲ,” ಎಂದಳು ಸುನಂದಮ್ಮ ಸೆರಗಿನ ತುದಿ ತಿರುಚುತ್ತ. “ಆ ನಂಬ್ರು ಎಷ್ಟು ಬತ್ತದೋ ಅಂತ ನನ್ಗೂ ನಿದ್ದೆ ಇಲ್ಲ ಕಣ್ರೀ. ಏನಾದ್ರೂ ಒಂದು ಮಾಡ್ಬೇಕು ಅನ್ನುಸ್ತು. ಇದೊಂದೇ ನನ್ ಕೈಲಿ ಆಗಾದು ಇದ್ದಿದ್ದು.”

ಚಿಕ್ಕಣ್ಣ ಅವಳು ತಂದಿಟ್ಟ ಕಾಫಿ ತೆಗೆದುಕೊಂಡು ಜಗಲಿಯ ಮೇಲೆ ಕೂತ. ಅಷ್ಟು ಜನ ತನಗಾಗಿ ಅತ್ತ ಮೇಲೆ ಏನೋ ಹಗುರವಾಗಿತ್ತು. ಬದುಕಿದ್ದೇನೆ, ಕಾಫಿಯ ವಾಸನೆ ಬರುತ್ತಿದೆ, ಇನ್ನು ರಿಪೋರ್ಟೊಂದು ಬಂದುಬಿಟ್ಟರೆ ಸಾಕು ಎಂದುಕೊಳ್ಳುವಷ್ಟರಲ್ಲಿ ಬೈಕಿನಲ್ಲಿ ಕಿರಣ್ಕುಮಾರ್ ಬಂದಿಳಿದ. ಜಗಲಿಯ ಮೇಲೆ ಕಾಫಿ ಲೋಟ ಹಿಡಿದ ಚಿಕ್ಕಣ್ಣನನ್ನು ಕಂಡು ಬೈಕಿಗೇ ಒರಗಿ ನಿಂತ.

“ಎದ್ರಬ್ಯಾಡ ಕಣ್ಲಾ, ಬದುಕವ್ನಿ,” ಎಂದ ಚಿಕ್ಕಣ್ಣ. “ನಂಬ್ರು ಎಷ್ಟು ಬಂತು, ಏಳು.”

ಕಿರಣ್ಕುಮಾರ್ ಭದ್ರಮ್ಮನನ್ನು ನೋಡಿದ. ಭದ್ರಮ್ಮ ಸೂರು ನೋಡಿದಳು. “ಒಬ್ರು ಅತ್ರೆ ಸಾಲ್ದು ಅಂತ ಇವ್ನಿಗೂ ಒಂದ್ ಫೋನ್ ಆಕುದ್ದೆ,” ಎಂದಳು.

“ಬೆಳಿಗ್ಗೆ ತಾನೇ ನಾನು ಸೂಜಿ ಚುಚ್ಚಿದ್ದು,” ಕಿರಣ್ಕುಮಾರನ ದನಿ ಸಣ್ಣದಾಯಿತು. “ಮಧ್ಯಾಹ್ನಕ್ಕೆ ನೀವಿಲ್ಲ ಅಂತ ದೊಡ್ಡವ್ವ ಫೋನ್ ಮಾಡ್ತು. ನನ್ ಸೂಜಿಯಿಂದಾನೇ ಏನಾದ್ರೂ ಆಗೋಯ್ತಾ, ನನ್ ತಲೆ ಮೇಲೆ ಬತ್ತದಾ ಅಂತ ಎದೆ ನಡುಗೋಯ್ತು ದೊಡ್ಡಪ್ಪ. ನಿಮ್ ರಕ್ತಾನ ಮೆಷಿನ್ನಿಗೇ ಹಾಕ್ಲಿಲ್ಲ. ಸಿಂಕಿಗೆ ಚೆಲ್ಲಿ, ಬಾಗ್ಲು ಹಾಕ್ಕೊಂಡು ಬಂದ್ಬುಟ್ಟೆ.”

ಚಿಕ್ಕಣ್ಣ ಕಾಫಿ ಲೋಟವನ್ನು ಪಕ್ಕಕ್ಕಿಟ್ಟ.

“ನಾಳೆ ಬೆಳಿಗ್ಗೆ ಇನ್ನೊಂದ್ಸಲ ಬನ್ನಿ,” ಎಂದ ಕಿರಣ್ಕುಮಾರ್. “ಸಂಜೆಗೆ ರಿಪೋರ್ಟ್ ಕೊಡ್ತೀನಿ.”

ಮರುದಿನ ಬೆಳಿಗ್ಗೆ ಚಿಕ್ಕಣ್ಣ ಮತ್ತೆ ಮಿಂದು ಹೊರಟ. ತಲೆಯಲ್ಲಿ ಅದೇ ಸೊನ್ನೆ. ಈ ಸಲ ಫೋನು ಜೇಬಿನಲ್ಲಿತ್ತು, ಮಳೆಯಿಲ್ಲದಿದ್ದರೂ ತಲೆಯ ಮೇಲೆ ಕೊಡೆಯಿತ್ತು. ಅಂಗಳ ದಾಟುವಾಗ ಬ್ಯಾರನ್ ಕಡೆ ಒಮ್ಮೆ ನೋಡಿದ. ಹಿಂದಿನ ಸಂಜೆ ಸಲೀಂ ಬಂದು, ಅತ್ತು, ಬೈದು, ಇನ್ನು ಇದನ್ನು ನಾನೇನು ಮಾಡಲಿ ಎಂದು ಫ್ಲೆಕ್ಸನ್ನು ಅಲ್ಲೇ ಬಿಟ್ಟು ಹೋಗಿದ್ದ. ಸುಮ್ಮನೆ ಯಾಕೆ ಹಾಳುಮಾಡುವುದು ಎಂದು ಭದ್ರಮ್ಮನೇ ಮುಂದೆ ನಿಂತು ಅದನ್ನು ಸೋರುವ ಸೂರಿಗೆ ಹೊದಿಸಿದ್ದಳು. ಪೇಟ ಸುತ್ತಿಕೊಂಡ ಚಿಕ್ಕಣ್ಣ ಅಲ್ಲಿ ಹೊಗೆಯ ನಡುವೆ ನಗುತ್ತ ಮಲಗಿದ್ದ.

ಅವನ ನೆತ್ತಿಯ ಮೇಲೆ ಒಂದು ಕಾಗೆ ಕೂತಿತ್ತು.

ಚಿಕ್ಕಣ್ಣ ಮೆಲ್ಲನೆ ಬೇಲಿಯ ಕಡೆ ತಿರುಗಿದ. ಭದ್ರಮ್ಮ ಅದನ್ನು ಆಗಲೇ ನೋಡಿಯಾಗಿತ್ತು. ಫೋನು ಅವಳ ಕಿವಿಯಲ್ಲಿತ್ತು.