ಅಜ್ಜಿಯ ಒಂದೆಕರೆಯೂ ನನ್ನ ಜಿಪಿಎಸ್ಸೂ

ಜಿಪಿಎಸ್ ಕೈಗೆ ಬಂದ ಮೇಲೆ ನಾನು ದಾರಿ ತಪ್ಪುವುದು ನಿಂತಿದೆ ಎಂದು ಹೇಳಲಾರೆ. ತಪ್ಪಿದ ಮೇಲೆ ಎಲ್ಲಿದ್ದೇನೆ ಎಂಬುದು ಮಾತ್ರ ಈಗ ಚೆನ್ನಾಗಿ ಗೊತ್ತಾಗುತ್ತದೆ. ತಾಳವಾಡಿ ಬೆಟ್ಟದಲ್ಲಿ ಹೊಲ ಅಳೆಯುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಇಂಥ ಪ್ರಸಂಗಗಳು ಮಾತ್ರ ಒಂದು ವಾರವೂ ರಜೆ ಹಾಕಿಲ್ಲ.

ನಮ್ಮದು ಸಣ್ಣ ಸಂಘ. ಪಟ್ಟಾ ಇಲ್ಲದವರ ಹೊಲಕ್ಕೆ ಹೋಗಿ, ಅಳೆದು, ನಕ್ಷೆ ಬರೆದು, ಅವರ ಮನು, ಅಂದರೆ ಅರ್ಜಿಯ ಜೊತೆ ಕಚೇರಿಗೆ ಕೊಡುವುದು ನನ್ನ ಕೆಲಸ. ಅದಕ್ಕೆ ಸೋಪಿನ ಡಬ್ಬಿಯಷ್ಟಿರುವ ಒಂದು ಹಳದಿ ಜಿಪಿಎಸ್ ಮಿಷನ್ನು ಕೊಟ್ಟಿದ್ದಾರೆ. ಜೊತೆಗೆ ಕಾಡುದಾರಿ ಬಲ್ಲ ಒಬ್ಬ ಅಣ್ಣನನ್ನೂ ಕೊಟ್ಟಿದ್ದಾರೆ. ಅವನು ಮೊದಲು ದನ ಕಾಯುತ್ತಿದ್ದ, ಈಗ ನನ್ನನ್ನು ಕಾಯುತ್ತಾನೆ.

ಇಲ್ಲಿರುವುದೆಲ್ಲ ಒಬ್ಬ ಅಜ್ಜಿಯ ಹೊಲದ ಕತೆ. ತಾಳಮಲೆ ಕಡೆ, ಕಾಡಂಚಿನಲ್ಲಿ ಅವಳಿಗೆ ಒಂದೆಕರೆ ರಾಗಿ ಹೊಲ. ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕೂಲಿ ಮಾಡಿ, ಮಿಕ್ಕ ಹೊತ್ತಿನಲ್ಲಿ ಗಂಡನೂ ಅವಳೂ ಕಲ್ಲು ಆಯ್ದು ಹದ ಮಾಡಿಕೊಂಡ ನೆಲ. ಗಂಡ ಈಗ ಇಲ್ಲ. ಕಾಗದ ಆಗಲೂ ಇರಲಿಲ್ಲ. ಆನೆ ಬಂದು ರಾಗಿ ತುಳಿದರೆ ಪರಿಹಾರ ಕೇಳುವುದಕ್ಕೂ ಕಾಗದ ಬೇಕು. ನಾನು ಅಳೆಯಲು ಹೋದ ತಿಂಗಳ ಕೊನೆಯೊಳಗೆ ನಕ್ಷೆ ಸರಿಯಾಗಿ ಕಚೇರಿಯ ಕೈಸೇರದಿದ್ದರೆ ಆ ಸಲ ಪಟ್ಟಾ ಪಡೆಯುವವರ ಪಟ್ಟಿಯಲ್ಲಿ ಅವಳ ಹೆಸರು ಬರುತ್ತಿರಲಿಲ್ಲ.

೧. ಮುನ್ನೂರು ಮೀಟರು

ಮೊದಲ ದಿನ. ಅಜ್ಜಿಯ ಹೊಲದ ಗುರುತನ್ನು ಆಫೀಸಿನಲ್ಲೇ ಮಿಷನ್ನಿಗೆ ಹಾಕಿಕೊಂಡು ಬಂದಿದ್ದೆ. ಜೀಪು ಇಳಿದು ಸ್ವಲ್ಪ ದೂರ ನಡೆದ ಮೇಲೆ ನೋಡಿದರೆ ಇನ್ನು ಮುನ್ನೂರೇ ಮೀಟರು ಎಂದು ತೋರಿಸಿತು. ಅಣ್ಣ ಬಲಗಡೆಯ ದನದ ದಾರಿ ಹಿಡಿದು, ಸುತ್ತಿಕೊಂಡು ಹೋದರೆ ಒಂದು ಗಂಟೆ ಆಗುತ್ತದೆ ಎಂದ. ಮುನ್ನೂರು ಮೀಟರಿಗೆ ಒಂದು ಗಂಟೆಯೇ ಎಂದು ನಾನು ನಕ್ಕು, ಬಾಣದ ಗುರುತು ಹೇಳಿದ ಕಡೆ ನೇರ ನುಗ್ಗಿದೆ. ಲಂಟಾನದ ಮುಳ್ಳಿಗೆ ಸೀರೆಯ ಸೆರಗು ಅರ್ಧ ಕೊಟ್ಟು ಆಚೆ ಬಂದು ನೋಡಿದರೆ ಮುಂದೆ ನೆಲವೇ ಇಲ್ಲ. ಆಳವಾದ ಕೊರಕಲು, ಕೆಳಗೆಲ್ಲೋ ಹಳ್ಳ. ಆಚೆ ದಡದಲ್ಲಿ ಅಜ್ಜಿ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಾಳೆ.

ಅಲ್ಲೇನು ಮಾಡುತ್ತಿದ್ದೀ ಎಂದು ಅವಳು ಕೂಗಿ ಕೇಳಿದಳು. ಈ ಮಿಷನ್ನು ಹತ್ತಿರ ಎಂದು ಹೇಳಿತು ಅಜ್ಜಿ ಎಂದು ನಾನೂ ಕೂಗಿದೆ.

ಅಜ್ಜಿ ಕೊರಕಲಿನ ಕಡೆ ಕೈ ತೋರಿಸಿ, "ಅತ್ರ ಅನ್ನೋಕ ಮುಂಚ ನಿಂಗ ರೆಕ್ಕ ಅದಾ ಅಂತ ಕೇಳ್ಬೇಕಿತ್ತು ಕಣವ್ವ ಅದು" ಎಂದಳು.

ಹಿಂದೆ ಬಂದು ದನದ ದಾರಿ ಹಿಡಿದಾಗ ಅಣ್ಣ ಮುಂದೆ ಮುಂದೆ ನಡೆದ. ಅವನ ಬೆನ್ನು ದಾರಿಯುದ್ದಕ್ಕೂ ನಗುತ್ತಿತ್ತು.

೨. ಹುಣಸೆಮರದ ಮೂಲೆ

ಅಜ್ಜಿಯ ಹೊಲಕ್ಕೆ ನಾಲ್ಕು ಮೂಲೆಕಲ್ಲು. ಮೂರು ಬಯಲಿನಲ್ಲಿವೆ, ಅವುಗಳ ಗುರುತು ಕಣ್ಣು ಮಿಟುಕಿಸುವುದರಲ್ಲಿ ಸಿಕ್ಕಿತು. ನಾಲ್ಕನೆಯದು ಒಂದು ದೊಡ್ಡ ಹುಣಸೆಮರದ ಬುಡದಲ್ಲಿ. ಅಲ್ಲಿ ಹೋಗಿ ಹಿಡಿದರೆ ಮಿಷನ್ನು ಹುಡುಕುತ್ತಿದ್ದೇನೆ, ಹುಡುಕುತ್ತಿದ್ದೇನೆ ಎನ್ನುತ್ತದೆ. ಇದಕ್ಕೆ ಆಕಾಶ ಕಾಣಬೇಕು ಎಂದು ನಾನು ವಿವರಿಸಿದೆ. ಅಜ್ಜಿಯ ಮುಖ ಸಪ್ಪಗಾಯಿತು. ಮರ ಕಡಿಯಬೇಕೇ ಎಂದು ಮೆಲ್ಲಗೆ ಕೇಳಿದಳು. ಆ ಗಿಡ ಅವಳ ಗಂಡ ನೆಟ್ಟದ್ದು. ನನಗೆ ಪಾಪ ಅನ್ನಿಸಿತು, ಒಂದು ಎಲೆಯನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಅಣ್ಣ ಉಪಾಯ ಮಾಡಿದ. ಹುಣಸೆ ಕೀಳುವ ದೋಟಿಯ ತುದಿಗೆ ಮಿಷನ್ನು ಕಟ್ಟಿ ಕೊಂಬೆಗಳ ನಡುವೆ ಮೇಲಕ್ಕೆತ್ತಿದ. ಕೀಂ ಎಂದು ಸದ್ದಾಯಿತು, ಆಕಾಶ ಸಿಕ್ಕಿತು. ನಾವು ಮೂವರೂ ಹಿಗ್ಗಿದೆವು. ಗುರುತು ಉಳಿಸಿಕೊಳ್ಳಲು ಒಂದು ಗುಂಡಿ ಒತ್ತಬೇಕು, ಅದು ಈಗ ಇಪ್ಪತ್ತಡಿ ಮೇಲಿದೆ ಎಂಬುದು ಹೊಳೆದದ್ದು ಆಮೇಲೆ. ಕೆಳಗಿಳಿಸುವಷ್ಟರಲ್ಲಿ ಮತ್ತೆ ಹುಡುಕಾಟ. ಹೀಗೆ ನಾಲ್ಕು ಸಲ ಏರಿಸಿ ಇಳಿಸಿ, ಕೊನೆಗೆ ಅಣ್ಣ ಬೈದುಕೊಳ್ಳುತ್ತಾ ತಾನೇ ಮರ ಹತ್ತಿ, ಕಲ್ಲಿಗೆ ಸರಿಯಾಗಿ ಮೇಲಿನ ಕೊಂಬೆಯಲ್ಲಿ ಕೂತು ಗುಂಡಿ ಒತ್ತಿದ.

ನಾನು ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಅಜ್ಜಿ ಬಗ್ಗಿ ನೋಡಿದಳು. ಅವಳಿಗೆ ಓದು ಬಾರದು, ಆದರೂ ಎಚ್ಚರಿಕೆ ಇರಲಿ ಎಂದು ಹೇಳಿದಳು. "ಕಲ್ಲು ಬುಡದಲ್ಲೇ ಅದ ಕಣವ್ವ. ಮರದ ಮ್ಯಾಲ ಅದ ಅಂತ ಬರ್ದುಬುಟ್ಟೀಯ."

೩. ಬಂದ ದಾರಿ

ಮಿಷನ್ನಿನ ಬಗ್ಗೆ ಬರೀ ದೂರೇ ಹೇಳಿದರೆ ನನಗೆ ನಾಲಿಗೆ ಸುಡುತ್ತದೆ. ಅಣ್ಣ ಮರ ಹತ್ತಿದ ದಿನವೇ ಹಿಂದಿರುಗುವಾಗ, ನಾಲ್ಕು ಗಂಟೆಗೇ ಮಂಜು ಕವಿಯಿತು. ಮುಂದೆ ನಡೆಯುವ ಅಣ್ಣನ ಹೆಗಲ ಟವೆಲು ಬಿಟ್ಟರೆ ಬೇರೇನೂ ಕಾಣದು. ಈ ಕಾಡು ತನ್ನ ಮನೆಯ ಅಂಗಳ ಇದ್ದಂತೆ, ಮಿಷನ್ನು ಚೀಲದಲ್ಲಿ ಮಲಗಿರಲಿ ಎಂದು ಅವನು ಧೈರ್ಯ ಹೇಳಿದ. ಅಂಗಳದಲ್ಲಿ ಒಂದು ಹುತ್ತ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹುತ್ತ ಬಂತು. ಮೂರನೆಯ ಸಲ ಬಂದಾಗ ಅದರ ಪಕ್ಕ ಆಗ ತಾನೇ ಬಿದ್ದ ಆನೆಲದ್ದಿ ಇತ್ತು, ಇನ್ನೂ ಹಬೆಯಾಡುತ್ತಿತ್ತು. ಅದು ಮೊದಲೆರಡು ಸಲ ಇರಲಿಲ್ಲ.

ನಿಜವಾಗಿ ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ಅಣ್ಣನೇ ಪಿಸುಗುಟ್ಟಿ, ಮಿಷನ್ನನ್ನು ಎಬ್ಬಿಸಕ್ಕಾ ಎಂದ. ಬೆಳಿಗ್ಗೆಯಿಂದ ನಾವು ನಡೆದ ದಾರಿಯೆಲ್ಲ ಅದರಲ್ಲಿ ಗೆರೆಯಾಗಿ ಬಿದ್ದಿತ್ತು. ಆ ಗೆರೆ ಹಿಡಿದು ಹೆಜ್ಜೆಹೆಜ್ಜೆಗೆ ಹಿಂದೆ ಬಂದೆವು. ಎಷ್ಟು ನಿಯತ್ತು ಎಂದರೆ, ಅಣ್ಣ ಜೇನು ನೋಡಲು ಪಕ್ಕಕ್ಕೆ ಹೋಗಿದ್ದ ಮರಕ್ಕೂ ಕರೆದುಕೊಂಡು ಹೋಯಿತು. ನಾನು ಬೆಳಿಗ್ಗೆ ಒಬ್ಬಳೇ ಹೋಗಿಬಂದಿದ್ದ ಒಂದು ಪೊದೆಯ ಹಿಂದಕ್ಕೂ ಕರೆದುಕೊಂಡು ಹೋಯಿತು. ಅಲ್ಲಿ ಇಬ್ಬರೂ ಆಕಾಶ ನೋಡುತ್ತಾ ನಿಂತೆವು.

ಜೀಪಿನ ದಾರಿ ಕಂಡ ಮೇಲೆ ಅಣ್ಣ ಮಿಷನ್ನನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಮಾರನೆಯ ದಿನ ನೋಡಿದರೆ ಅದರ ಪರದೆಯ ಮೇಲೆ ಮೂರು ಬೆರಳಿನ ವಿಭೂತಿ. ಉತ್ತರ ದಿಕ್ಕು ಕಾಣಬೇಕಾದರೆ ಒರೆಸಬೇಕಿತ್ತು, ಅವನು ಒರೆಸಲು ಬಿಡಲಿಲ್ಲ.

೪. ಅಳತೆ

ಮೂಲೆಗಳ ಗುರುತು ಆದ ಮೇಲೆ ಹೊಲದ ಸುತ್ತ ನಡೆದು ಅಳತೆ ತೆಗೆಯಬೇಕು. ನಮ್ಮ ಸಂಘದಲ್ಲಿ ಒಂದು ಕ್ರಮವಿದೆ: ಹೊಲ ಯಾರದೋ ಅವರೇ ಮಿಷನ್ನು ಹಿಡಿದು ನಡೆಯಬೇಕು. ನಾನು ಗುಂಡಿ ಒತ್ತಿ ಅಜ್ಜಿಯ ಕೈಗೆ ಕೊಟ್ಟು, ಹೊಲ ಸುತ್ತಿ ಬಾ ಎಂದು ಹೇಳಿ, ಅಕ್ಕಪಕ್ಕದ ಹೊಲದವರ ಸಾಕ್ಷಿ ಸಹಿ ಹಾಕಿಸಲು ಕೂತೆ. ವಿಭೂತಿ ನೋಡಿದ ಅಜ್ಜಿ ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಮಿಷನ್ನು ಹಿಡಿದು ಹೊರಟಳು. ಸಹಿಗಳೆಲ್ಲ ಮುಗಿದರೂ ಅವಳು ಬರಲಿಲ್ಲ. ವಯಸ್ಸಾಗಿದೆ, ನಿಧಾನ ಎಂದುಕೊಂಡೆ. ಬಂದ ಮೇಲೆ ಗುಂಡಿ ಒತ್ತಿ, ನಕ್ಷೆ ಮಾಡಿ, ಅದರಲ್ಲಿನ ಅಂಕಿಯನ್ನು ಸರಿಯಾಗಿ ನೋಡದೆ ಕಚೇರಿಗೆ ಕೊಟ್ಟುಬಿಟ್ಟೆ. ಆ ತಪ್ಪು ನನ್ನದೇ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಕಚೇರಿಯ ಅಧಿಕಾರಿ ಫೋನು ಮಾಡಿದರು. ಮನುವಿನಲ್ಲಿ ಒಂದೆಕರೆ, ನಕ್ಷೆಯಲ್ಲಿ ಎರಡು ಎಕರೆ ತೊಂಬತ್ತೊಂದು ಸೆಂಟು, ಮಿಕ್ಕದ್ದು ಕಾಡಿನದೋ ಪಕ್ಕದವರದೋ ಎಂದು ಕೇಳಿದರು. ಒಂದು ಹುಲ್ಲುಕಡ್ಡಿಯನ್ನೂ ಹೆಚ್ಚಾಗಿ ಮುಟ್ಟದ ಅಜ್ಜಿ ನನ್ನಿಂದಾಗಿ ಒತ್ತುವರಿ ಮಾಡಿದವಳಾಗಿ ಕೂತಿದ್ದಾಳೆ. ಪುಣ್ಯಕ್ಕೆ ಅವರು ಕಡತ ಮುಚ್ಚಲಿಲ್ಲ, ಮಾರನೆಯ ದಿನ ತಾವೇ ಬಂದು ನೋಡುವುದಾಗಿ ಹೇಳಿದರು.

ಬಂದರು. ನಾನು ಅಜ್ಜಿಯನ್ನು ಪಕ್ಕಕ್ಕೆ ಕರೆದು, ಆವತ್ತು ಎಲ್ಲಿ ನಡೆದೆ, ಬೇರೆಯವರ ಹೊಲಕ್ಕೇನಾದರೂ ಹೋದೆಯಾ ಎಂದು ಕೇಳಿದೆ. ಅವಳಿಗೆ ಸಿಟ್ಟೇ ಬಂತು.

"ನನ್ನ ಬದುವ ಬುಟ್ಟು ಒಂದೆಜ್ಜೆ ಆಚ ಇಟ್ಟಿಲ್ಲ. ಬಲಗಡೆಯಿಂದ ಮೂರು ಸುತ್ತು ಬಂದಿವ್ನಿ."

"ಮೂರು ಯಾಕಜ್ಜಿ?"

"ಇನ್ನೇನು, ದೇವ್ರ ಕೈಲಿ ಇಡ್ಕಂಡು ಒಂದೇ ಸುತ್ತು ಬತ್ತಾರಾ?"

ಮಿಷನ್ನಿಗೆ ಪ್ರದಕ್ಷಿಣೆ ಗೊತ್ತಿಲ್ಲ. ಸುತ್ತಿದಷ್ಟು ಸಲವೂ ಹೊಸ ನೆಲ ಎಂದು ಕೂಡಿಸಿಕೊಂಡಿದೆ. ಇದನ್ನು ಅಧಿಕಾರಿಗೆ ಹೇಳುವಾಗ ನನಗೆ ಅಳು ಬರುವಂತಿತ್ತು. ಅವರು ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಅಜ್ಜಿಯ ಕೈಗೆ ಮಿಷನ್ನು ಕೊಟ್ಟು, ಒಂದೇ ಸುತ್ತು ಎಂದು ಬೆರಳು ತೋರಿಸಿ, ತಾವೂ ಅವಳ ಹಿಂದೆ ನಡೆದರು. ತೊಂಬತ್ತೇಳು ಸೆಂಟು ಬಂತು, ಅಂದರೆ ಒಂದೆಕರೆಗೆ ಮೂರೇ ಸೆಂಟು ಕಡಿಮೆ. ಹುಣಸೆಮರದ ಬುಡದಲ್ಲೇ ಕೂತು, ತೊಡೆಯ ಮೇಲೆ ಕಾಗದವಿಟ್ಟು, ಸ್ಥಳ ನೋಡಿದ್ದೇನೆ, ಅಳತೆ ಸರಿಯಿದೆ ಎಂದು ಬರೆದು ಸಹಿ ಹಾಕಿದರು. ಆ ಸಹಿ ನೋಡಿ ನನಗೆ ಹೋದ ಜೀವ ಬಂದಂತಾಯಿತು.

ಅಜ್ಜಿಯ ಮುಖದಲ್ಲಿ ಮಾತ್ರ ಸಂತೋಷವಿಲ್ಲ. ಮಿಷನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮೂರು ಸುತ್ತಿಗೆ ಮೂರೆಕರೆ ತೋರಿಸಿದ್ದು ಹೌದಾ ಎಂದು ನನ್ನನ್ನು ಕೇಳಿದಳು. ಹೌದು ಎಂದೆ. ಕೆಳಗಿನ ಬಯಲಲ್ಲಿ ತಾನು ಕೂಲಿಗೆ ಹೋಗುತ್ತಿದ್ದ ದೊಡ್ಡ ಹೊಲಗಳನ್ನೆಲ್ಲ ಒಂದು ಸಲ ನೋಡಿ, ಮಿಷನ್ನನ್ನು ನನ್ನ ಕೈಗಿಟ್ಟಳು.

"ಇದ ಇನ್ನೊಸಿ ಮುಂಚ ತರೋಕ ನಿಂಗೇನಾಗಿತ್ತವ್ವ? ನಲವತ್ತು ವರ್ಷ ಕಳೆ ಕೀಳ್ತಾ ನಾನು ಸುತ್ತಿರೋ ಸುತ್ತಿಗ ಈ ತಾಳವಾಡೀನೇ ನಂದಾಗ್ಬುಡ್ತಿತ್ತಲ್ಲ."