ಲೈನಿನಲ್ಲಿದ್ದ ಗೆಳೆಯ ಬಾಗಿಲಿಗೆ ಬಂದದ್ದು

ಕಡಿಮೆ ಮಾತನಾಡುವವನಿಗೆ ಫಜೀತಿಗಳೂ ಕಡಿಮೆ ಎಂದು ಜನ ನಂಬಿದ್ದಾರೆ. ನನ್ನ ಅನುಭವ ಬೇರೆ. ಬಾಯಿ ಬಿಡದೆಯೇ ನಾನು ಸಿಕ್ಕಿಬಿದ್ದ ಸಂದರ್ಭಗಳು ಒಂದೆರಡಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ಯಂತ್ರ ಮತ್ತು ಒಬ್ಬ ಮನುಷ್ಯ ಕಾರಣ.

ಎಂಬತ್ತರ ದಶಕದಲ್ಲಿ ನಾನು ಮುಂಬಯಿಯ ಫೋರ್ಟಿನಲ್ಲಿದ್ದ ಒಂದು ಕಂಪನಿಯ ಹೆಡ್ಡಾಫೀಸಿನಲ್ಲಿ ಟೆಲಿಪ್ರಿಂಟರ್ ಆಪರೇಟರ್ ಆಗಿದ್ದೆ. ನೋಡಲು ದೊಡ್ಡ ಟೈಪ್‌ರೈಟರಿನಂಥ ಯಂತ್ರ. ಇಲ್ಲಿ ಹೊಡೆದ ಅಕ್ಷರ ಆ ಕ್ಷಣವೇ ದೂರದ ಊರಿನ ಇನ್ನೊಂದು ಯಂತ್ರದ ಕಾಗದದ ಮೇಲೂ ಬೀಳುತ್ತಿತ್ತು. ನಮ್ಮ ಲೈನಿನ ಆ ತುದಿಯಲ್ಲಿ ಹುಬ್ಬಳ್ಳಿ ಶಾಖೆ. ಲೈನು ಬಾಡಿಗೆಯದು, ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಆರ್ಡರು, ಸ್ಟಾಕು ಎಲ್ಲ ಮುಗಿದು ಉಳಿಯುವ ಹೊತ್ತಿನಲ್ಲಿ ಅಲ್ಲಿಯ ಆಪರೇಟರೂ ನಾನೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೊಡೆಯುತ್ತಿದ್ದೆವು. ಅವರಿಗೆ ನಾನು 'ಬಾಂಬೆಯವರ', ನನಗೆ ಅವರು 'ಹುಬ್ಬಳ್ಳಿ'. ಏಳು ವರ್ಷ ಹೀಗೆ ನಡೆಯಿತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ದನಿ ಕೇಳಿರಲಿಲ್ಲ.

ಅಡಿಗೆಮನೆಯ ಶೆಲ್ಫು

ದಿನವೂ ಮಧ್ಯಾಹ್ನ ಒಂದೂವರೆಗೆ ಹುಬ್ಬಳ್ಳಿಯಿಂದ ಒಂದು ಪ್ರಶ್ನೆ ಬರುತ್ತಿತ್ತು. "ಊಟ ಆತೇನ್ರಿ? ಏನಿತ್ತು ಡಬ್ಯಾಗ?" ನಾನು ವಿವರವಾಗಿಯೇ ಉತ್ತರಿಸುತ್ತಿದ್ದೆ. ಬೆರಳಿನಲ್ಲಿ ಮಾತಾಡುವುದು ನನಗೆ ಎಂದೂ ಕಷ್ಟವಾಗಿಲ್ಲ.

ಮುಗಿದ ರೋಲಿನ ಕಾಗದವನ್ನು ಆಫೀಸಿನವರೆಲ್ಲ ಮನೆಗೆ ಒಯ್ಯುತ್ತಿದ್ದರು. ಒಳ್ಳೆಯ ದಪ್ಪ ಕಾಗದ. ನಾನೂ ಒಯ್ದು ಮುಲುಂಡಿನ ನಮ್ಮ ಮನೆಯ ಅಡಿಗೆ ಶೆಲ್ಫಿಗೆ ಹಾಸಿದ್ದೆ. ಒಂದು ಭಾನುವಾರ ಡಬ್ಬಗಳನ್ನು ಒರೆಸುತ್ತಿದ್ದ ಹೆಂಡತಿ ಒಳಗಿನಿಂದ ಕರೆದಳು.

"ರೀ, ಸ್ವಲ್ಪ ಬನ್ನಿ ಇಲ್ಲಿ. ಇದೇನು ಬರೆದಿರೋದು? 'ಇವತ್ತಿನ ನುಗ್ಗೆಕಾಯಿ ಹುಳಿಯನ್ನು ಏನೆಂದು ಹೇಳಲಿ. ಕೊತ್ತಂಬರಿ ಬೀಜ ಹುರಿದ ಹದ ನಮ್ಮ ಮನೆಯಲ್ಲಿ ಬಂದಂತೆ ಬೇರೆಲ್ಲೂ ಬರುವುದಿಲ್ಲ.' ಯಾರು ಹೇಳಿದ್ದು ಇದನ್ನ?"

"ನಾನೇ."

"ಯಾವತ್ತು?"

"ಮಂಗಳವಾರ ಇರಬೇಕು."

"ಮಂಗಳವಾರ ಸಂಜೆ ನಾನು ಕೇಳಿದೆ, ಹುಳಿ ಹೇಗಿತ್ತು ಅಂತ. ಏನಂದ್ರಿ ಹೇಳಿ?"

ಏನೆಂದಿದ್ದೆ ಎಂದು ನನಗೆ ನೆನಪಿತ್ತು. "ಹ್ಞೂಂ" ಎಂದಿದ್ದೆ.

ಅವಳು ಉಳಿದ ಡಬ್ಬಗಳನ್ನೂ ಕೆಳಗಿಳಿಸಿ, ನಿಂತುಕೊಂಡೇ ಎರಡೂ ಶೆಲ್ಫುಗಳನ್ನು ಪೂರ್ತಿ ಓದಿದಳು. ಓದಿ ಮುಗಿಸಿ, "ಸಂಸಾರ ಮಾಡೋದು ನನ್ನ ಜೊತೆ, ಮಾತಾಡೋದು ಹುಬ್ಬಳ್ಳಿ ಜೊತೆ" ಎಂದಳು. ಡಬ್ಬಗಳನ್ನು ವಾಪಸು ಇಡುವಾಗ ಮಾತ್ರ ಕಾಗದ ಹರಿಯದಂತೆ ನೋಡಿಕೊಂಡಳು.

ಅಂದಿನಿಂದ ಪ್ರತಿ ಶನಿವಾರ, "ಶೆಲ್ಫಿಗೆ ಕಾಗದ ತನ್ನಿ" ಎಂದು ನೆನಪಿಸುವುದು ಶುರುವಾಯಿತು. ನಮ್ಮ ಅಡಿಗೆಮನೆಯಲ್ಲಿದ್ದದ್ದು ಎರಡೇ ಶೆಲ್ಫು.

ಸಾಹೇಬರ ಹವಾಮಾನ

ಹುಬ್ಬಳ್ಳಿ ಶಾಖೆಯ ಸಾಹೇಬರು ಸಿಡುಕಿನವರು. ಅವರ ಮುಂದೆ ಯಾವ ವಿಷಯ ಯಾವಾಗ ಇಡಬೇಕು ಎಂಬುದು ಹೆಡ್ಡಾಫೀಸಿಗೂ ಮುಖ್ಯವಾಗಿತ್ತು. ಹೀಗಾಗಿ ಬೆಳಿಗ್ಗೆ ಲೈನಿಗೆ ಕೂತೊಡನೆ ನಾನು ಹುಬ್ಬಳ್ಳಿಯವರ ಮಾತಿನಲ್ಲೇ ಕೇಳುತ್ತಿದ್ದೆ: "ನಿಮ್ಮ ಸಾಹೇಬ್ರು ಇವತ್ತ ಹೆಂಗದಾರ್ರಿ?" ಅತ್ತಲಿಂದ ರೇಡಿಯೋದ ಹವಾಮಾನ ವರದಿಯ ಹಾಗೆ ಉತ್ತರ ಬರುತ್ತಿತ್ತು. "ಮೋಡ ಐತಿ." "ಗುಡುಗಾಕತ್ತೈತಿ, ಹನ್ನೊಂದರ ತನಕ ತಡೀರಿ." ಅಪರೂಪಕ್ಕೆ, "ಬಿಸಲ."

ಒಂದು ಬೆಳಿಗ್ಗೆ ಕೇಳಿದೆ. ಉತ್ತರ ತಡವಾಯಿತು. ಆಮೇಲೆ ಅಕ್ಷರಗಳು ಒಂದೊಂದಾಗಿ, ಎಣಿಸಿದಂತೆ ಬೀಳತೊಡಗಿದವು. ಆಪರೇಟರಿನ ಕೈ ಆಪರೇಟರಿಗೆ ಗೊತ್ತಾಗುತ್ತದೆ. ಇದು ಒಂದೇ ಬೆರಳಿನ ಕೈ. ಕಾಗದದ ಮೇಲೆ ಪೂರ್ತಿಯಾದ ವಾಕ್ಯ ಹೀಗಿತ್ತು: "ಸದ್ಯ ಬಿಸಲ ಐತಿ. ಮಧ್ಯಾಹ್ನ ಗುಡುಗತೈತಿ. ಇಂತಿ, ಸಾಹೇಬ."

ನಾನು ಕುರ್ಚಿಯಿಂದ ಎದ್ದು ನಿಂತೆ. ಕೈಗಳು ತಾವಾಗಿಯೇ ಹಿಂದೆ ಹೋದವು. ಹುಬ್ಬಳ್ಳಿಗೆ ಇದು ಕಾಣುವುದಿಲ್ಲ ಎಂದು ಹೊಳೆಯಲು ಎರಡು ನಿಮಿಷ ಬೇಕಾಯಿತು. ಅಷ್ಟು ಹೊತ್ತಿಗೆ ಪಕ್ಕದ ಟೇಬಲಿನ ಗುಮಾಸ್ತರು ನನ್ನನ್ನು ನೋಡಿ, ಯಾರೋ ದೊಡ್ಡವರು ಬಂದಿರಬೇಕೆಂದು ತಾವೂ ಎದ್ದು ನಿಂತಿದ್ದರು.

ಬದನೆಕಾಯಿಯ ಬೀಜ

ಏಳನೆಯ ವರ್ಷ ಹುಬ್ಬಳ್ಳಿಯಿಂದ ಸುದ್ದಿ ಬಂತು. ಅವರ ಹೆಂಡತಿಯ ಅಣ್ಣನ ಮಗಳಿಗೆ ಮುಂಬಯಿಯ ಗಂಡು ಗೊತ್ತಾಗಿದೆ, ಮದುವೆ ಸೋಮವಾರ ದಾದರಿನಲ್ಲಿ. ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಬಂದಿಳಿಯುತ್ತಾರೆ. ಸಂಜೆ ನಾಲ್ಕಕ್ಕೆ ಬೀಗರನ್ನು ಎದುರುಗೊಳ್ಳಲು ಹಾಲ್‌ನಲ್ಲಿ ಇರಲೇಬೇಕು. ನಡುವೆ ಮಧ್ಯಾಹ್ನದ ಊಟ ನಮ್ಮಲ್ಲಿ. "ಏಳು ವರ್ಷದ ಮಾತು ಕೂತು ಆಡೂಣು" ಎಂದು ಮುಗಿಸಿದ್ದರು.

ಓದಿ ನನಗೆ ಭಯವಾಯಿತು. ಲೈನಿನಲ್ಲಿ ಅವರು ಕಂಡ ಮನುಷ್ಯ ಬೇರೆ. ಅವನು ತಮಾಷೆ ಮಾಡುತ್ತಾನೆ, ಓದಿದ ಪುಸ್ತಕದ ಕಥೆ ಹೇಳುತ್ತಾನೆ, ಲೋಕಲ್ ಗಾಡಿಯಲ್ಲಿ ನಡೆದದ್ದನ್ನು ಬಣ್ಣಿಸುತ್ತಾನೆ. ಅವರು ಊಟಕ್ಕೆ ಬರುತ್ತಿರುವುದು ಅವನ ಮನೆಗೆ. ಬಾಗಿಲು ತೆಗೆಯುವವನು ನಾನು. ಒಂದು ಮಧ್ಯಾಹ್ನದಲ್ಲಿ ಏಳು ವರ್ಷದ ಗೆಳೆತನ ಮುಗಿದುಹೋಗುವುದು ನನ್ನ ಕಣ್ಣಿಗೆ ಕಟ್ಟಿತು.

ಹೆಂಡತಿಗೆ ಹೇಳಿದೆ. "ಸಣ್ಣ ಊಟ ಸಾಕು, ನಾವು ನಾಲ್ಕೇ ಜನ."

"ಅದೆಲ್ಲ ಆಗಲ್ಲ" ಎಂದವಳು, ಬಿಲ್ಡಿಂಗಿನ ಕನ್ನಡದವರನ್ನೆಲ್ಲ ಕರೆದು ಬಂದಳು. ಏನೆಂದು ಕರೆದಳೆಂಬುದು ಆಮೇಲೆ ಮೆಟ್ಟಿಲಲ್ಲಿ ಸಿಕ್ಕ ಎದುರು ಮನೆಯವರಿಂದ ತಿಳಿಯಿತು. ಅವರು ಉಡುಪಿ ಕಡೆಯವರು, ಫೋರ್ಟಿನಲ್ಲಿ ಹೋಟೆಲ್ ಮ್ಯಾನೇಜರು. "ನೀವು ಭಾನುವಾರ ಮಾತಾಡ್ತೀರಂತೆ ಮಾರಾಯ್ರೆ" ಎಂದರು, "ನಾನು ರಜೆ ಹಾಕಿದ್ದೇನೆ."

ಆ ವಾರ ಹೆಂಡತಿ ದಿನವೂ ಡಬ್ಬಿಯ ಜೊತೆ ಒಂದು ಚೀಟಿ ಕೊಡುತ್ತಿದ್ದಳು. ಸೋಮವಾರ: "ಅವರ ಮನೆಯವರು ಬದನೆಕಾಯಿ ತಿನ್ನುತ್ತಾರಾ ಕೇಳಿ." ನಾನು ಹೊಡೆದೆ. ಮರುದಿನ ಉತ್ತರ: "ತಿಂತಾಳಂತ. ಬೀಜ ಬಲಿತಿರಬಾರದಂತ." ಮಂಗಳವಾರ ಹೋಳಿಗೆಗೆ ಕಡಲೆಬೇಳೆಯೋ ತೊಗರಿಬೇಳೆಯೋ. ಬುಧವಾರ ಅತ್ತಲಿಂದ, ಮುಂಬಯಿಯಲ್ಲಿ ಯಾವ ಸೀರೆ ನಡೆಯುತ್ತದೆ. ಗುರುವಾರ ಇತ್ತಲಿಂದ, ನೀವು ಉಟ್ಟದ್ದೇ ನಡೆಯುತ್ತದೆ ಬನ್ನಿ ಅಕ್ಕಾ, ಯಾವುದು ಉಡುತ್ತೀರಿ. ಹಸಿರು ಇಳಕಲ್, ಕೆಂಪು ಸೆರಗು. ಆಮೇಲೆ ಮೊಣಕಾಲು ನೋವಿಗೆ ಎಣ್ಣೆ, ಇಬ್ಬರ ನಾದಿನಿಯರು, ಅವರಲ್ಲಿ ಯಾರ ಕಾಟ ಹೆಚ್ಚು ಎಂಬ ವಿಚಾರ.

ಶುಕ್ರವಾರ ಸಂಜೆ ನಾನು ರೋಲನ್ನು ಬಿಚ್ಚಿ ನೋಡಿದೆ. ಐದು ದಿನದಲ್ಲಿ ನಾವಿಬ್ಬರು ಗಂಡಸರು ನಮ್ಮದೇ ಎಂದು ಹೊಡೆದದ್ದು ಒಂದು ಸಾಲು. ಹುಬ್ಬಳ್ಳಿಯದು: "ಬಾಂಬೆಯವರ, ನಮ್ಮ ಲೈನ್ ಹೋತ್ರಿ."

ದಾದರಿನಲ್ಲಿ ಬಿಳಿ ಅಂಗಿ

ಭಾನುವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು ಬರಲು ಇಬ್ಬರೂ ದಾದರಿಗೆ ಹೋದೆವು. ಗುರುತಿಗೆ ಹುಬ್ಬಳ್ಳಿ ಕೊಟ್ಟಿದ್ದದ್ದು ಇಷ್ಟು: ಬಿಳಿ ಅಂಗಿ, ಕೈಯಲ್ಲಿ ಚೀಲ. ಹುಬ್ಬಳ್ಳಿ ಕಡೆಯವರು ಬದಲಿಸಿ ಹತ್ತುವ ಮೀರಜಿನ ಗಾಡಿ ನಿಂತಾಗ ಬಿಳಿ ಅಂಗಿ ತೊಟ್ಟು ಚೀಲ ಹಿಡಿದವರು ಒಂದು ನೂರು ಜನ ಇಳಿದರು.

ಮುಲುಂಡಿನಿಂದ ದಾದರಿನವರೆಗೆ ನಾನು ಒಂದು ಮಾತು ಕಟ್ಟಿಕೊಂಡಿದ್ದೆ. ಅದು ಮರೆತುಹೋಗುವ ಮೊದಲು ಹೇಳಿಬಿಡಬೇಕೆಂಬ ಆತುರ. ಒಬ್ಬರು ಕನ್ನಡದಲ್ಲಿ ಕೂಲಿಯ ಹತ್ತಿರ ಏನೋ ಕೇಳುತ್ತಿದ್ದರು. ಬಿಳಿ ಅಂಗಿ, ಚೀಲ, ಅದೇ ವಯಸ್ಸು. ಹೋಗಿ ಎರಡೂ ಕೈ ಹಿಡಿದುಕೊಂಡೆ.

"ಬಂದಿರಲ್ಲ! ಏಳು ವರ್ಷದಿಂದ ಕಾಯ್ತಿದ್ದೆ. ಎದುರಿಗೆ ನಾನು ಮಾತು ಕಡಿಮೆ, ತಪ್ಪು ತಿಳಿಯಬೇಡಿ. ಆದರೆ ದಿನಾ ಒಂದೂವರೆಗೆ ನೀವು ಊಟ ಆಯ್ತಾ ಅಂತ ಕೇಳದಿದ್ದರೆ ನನಗೆ ಊಟ ಮಾಡಿದ ಹಾಗೇ ಆಗೋದಿಲ್ಲ. ನಡೀರಿ, ಮನೆಯಲ್ಲಿ ಹೋಳಿಗೆ ಮಾಡಿದ್ದಾರೆ."

ಅವರ ಕಣ್ಣು ಒದ್ದೆಯಾದ ಹಾಗಿತ್ತು. ಅವರ ಚೀಲ ನಾನೇ ಎತ್ತಿಕೊಂಡು ಬ್ರಿಜ್ ಹತ್ತಿದೆ. ಮೇಲೆ ತಲುಪಿದಾಗ ಹಿಂದಿನಿಂದ ಹೆಂಡತಿಯ ಕೂಗು.

"ರೀ! ಯಾರನ್ನ ಕರಕೊಂಡು ಹೋಗ್ತಿದ್ದೀರಿ?"

ತಿರುಗಿ ನೋಡಿದರೆ ಅವಳ ಪಕ್ಕದಲ್ಲಿ ಹಸಿರು ಇಳಕಲ್, ಕೆಂಪು ಸೆರಗು. ಇಬ್ಬರು ಹೆಂಗಸರೂ ಆಗಲೇ ಕೈ ಹಿಡಿದುಕೊಂಡಿದ್ದರು. ಅವರ ಹಿಂದೆ ತೆಳ್ಳಗಿನ ಒಬ್ಬ ಮನುಷ್ಯ ಬಿಳಿ ಅಂಗಿಯಲ್ಲಿ ಸುಮ್ಮನೆ ನಿಂತಿದ್ದರು.

ನಾನು ನನ್ನ ಜೊತೆಗಿದ್ದವರನ್ನು ಕೇಳಿದೆ. "ನೀವು ಹುಬ್ಬಳ್ಳಿ ಅಲ್ವಾ?"

"ಅಲ್ರಿ. ಗದಗ. ಬೈಕುಲ್ಲಾದಾಗಿನ ಕಾಯಿಪಲ್ಯೆ ಮಂಡಿಗೆ ವ್ಯಾಪಾರಕ್ಕ ಬಂದೀನಿ."

"ಮತ್ತೆ ಮೊದಲೇ ಹೇಳಬಾರದಾ?"

"ಹೆಂಗ ಹೇಳ್ಲಿ? ಹನ್ನೆರಡು ವರ್ಷ ಆತು ನಾ ಈ ಊರಿಗೆ ಬಂದು ಹೋಗಾಕತ್ತು. ಇಷ್ಟು ಪ್ರೀತಿಲೆ ಯಾರೂ ಮಾತಾಡಿಸಿದ್ದಿಲ್ಲ. ಇನ್ನೊಂದೀಟು ಕೇಳೂಣು ಅಂತ ಬಂದೆ."

ಚೀಲ ಕೊಟ್ಟೆ. ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಗದಗಿನವರ ಪಾಲಾಗಿತ್ತು. ಹುಬ್ಬಳ್ಳಿಗೆ ಉಳಿದದ್ದು ಒಂದು ನಮಸ್ಕಾರ.

ಹೋಳಿಗೆಯ ಹೊತ್ತು

ಲೋಕಲ್ ಗಾಡಿಯಲ್ಲಿ ದಾದರಿನಿಂದ ಮುಲುಂಡಿನವರೆಗೆ ಹೆಂಗಸರು ಮಾತಾಡಿದರು. ನಾವಿಬ್ಬರು ಕಿಟಕಿಯ ಹೊರಗೆ ನೋಡಿದೆವು. ಅವರು ಏನಾದರೂ ಹೇಳುವರೋ ಎಂದು ನಾನು ಆಗಾಗ ಅವರ ಮುಖ ನೋಡುತ್ತಿದ್ದೆ. ಅವರೂ ಅದೇ ಹೊತ್ತಿಗೆ ನನ್ನ ಮುಖ ನೋಡುತ್ತಿದ್ದರು. ಇಬ್ಬರೂ ತಲೆಯಾಡಿಸಿ ಮತ್ತೆ ಕಿಟಕಿಗೆ ತಿರುಗುತ್ತಿದ್ದೆವು.

ಮನೆಯಲ್ಲಿ ಹದಿನಾಲ್ಕು ಜನ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ನಮ್ಮಿಬ್ಬರನ್ನು ನಡುವೆ ಎದುರು ಬದುರು ಕೂರಿಸಿದರು. ಎಲೆ ಹಾಕಿ ಆಯಿತು, ಬಡಿಸಿ ಆಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಹುಬ್ಬಳ್ಳಿಯ ತುಟಿಯ ತುದಿಯಲ್ಲಿ ಏನೋ ಮಾತು ಇದ್ದದ್ದು ನನಗೆ ಕಾಣುತ್ತಿತ್ತು. ಅದು ಹೊರಗೆ ಬರಲಿ ಎಂದು ಕಾದೆ. ಪಲ್ಯ ಮುಗಿಯಿತು. ಹುಳಿ ಮುಗಿಯಿತು. ಕಾದೆ.

ಎದುರು ಮನೆಯವರಿಗೆ ತಡೆಯಲಾಗಲಿಲ್ಲ. "ಇದೆಂತ ಮಾರಾಯ್ರೆ? ಏಳು ವರ್ಷದ ದೋಸ್ತಿ ಅಂದ್ರಿ. ಇವರೊಳಗೆ ಕೋರ್ಟು ಕೇಸು ಏನಾದರೂ ಉಂಟಾ?"

ಯಾರೋ ನಕ್ಕರು. ಹೆಂಡತಿಯ ಮುಖ ಕೆಂಪಾಯಿತು. ನಾನು ಮುರಿದ ಹೋಳಿಗೆಯನ್ನು ಎಲೆಗೇ ವಾಪಸು ಇಟ್ಟೆ. ನಾನು ಹೆದರಿದ್ದೇ ಆಗುತ್ತಿತ್ತು. ಈ ಮನುಷ್ಯ ಇನ್ನು ಮುಂದೆ ಒಂದೂವರೆಗೆ ಏನನ್ನೂ ಕೇಳುವುದಿಲ್ಲ.

ತುಪ್ಪ ಹಿಡಿದು ನಿಂತಿದ್ದ ಹುಬ್ಬಳ್ಳಿಯ ಹೆಂಡತಿ ನನ್ನ ಮುಖವನ್ನೂ ಗಂಡನ ಮುಖವನ್ನೂ ಒಂದು ಸಲ ನೋಡಿದರು. ಆಮೇಲೆ ನನ್ನ ಹೆಂಡತಿಯನ್ನು ಕೇಳಿದರು. "ಅಕ್ಕಾರ, ನಿಮ್ಮ ಮನಿಯವರೂ ಹಿಂಗನ ಏನ್ರಿ?"

"ಹೀಗೇ ಅಂದ್ರೆ?"

"ಎದುರಿನವರದು ಮುಗೀಲಿ ಅಂತ ಕಾಯೋದು. ಮದುವಿಯಾಗಿ ಮೊದಲ ವರ್ಷ, ಮೂಕನ್ನ ಕಟಗೊಂಡೆ ಅಂತ ನಾ ತವರಮನಿಗೆ ಪತ್ರ ಬರದಿದ್ದೆ. ಆಮ್ಯಾಲೆ ಗೊತ್ತಾತು, ಇದು ಆ ಮಿಷನ್ನಿನ ಚಟ. ತಡೀರಿ ಒಂಚೂರು."

ಅವರು ಗಂಡನ ಕಡೆ ಬಾಗಿ ಗಟ್ಟಿಯಾಗಿ ಹೇಳಿದರು: "ಜಿ.ಎ.!"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಲೈನಿನಲ್ಲಿ ಇಬ್ಬರೂ ಒಟ್ಟಿಗೆ ಹೊಡೆದರೆ ಎರಡೂ ಕಡೆಯ ಕಾಗದದ ಮೇಲೆ ಅಕ್ಷರಗಳು ಕಲಸಿಹೋಗುತ್ತವೆ. ಅದಕ್ಕಾಗಿ ಒಬ್ಬರು ಹೇಳುವುದು ಮುಗಿಸಿ ಜಿ.ಎ. ಎಂದು ಹೊಡೆಯಬೇಕು, ಅಂದರೆ 'ಗೋ ಅಹೆಡ್', ಇನ್ನು ನಿಮ್ಮ ಸರದಿ. ಅದು ಬರುವವರೆಗೆ ಇನ್ನೊಬ್ಬರು ಕೀಲಿ ಮುಟ್ಟುವಂತಿಲ್ಲ. ಬೆಳಗಿನಿಂದ ನಾವಿಬ್ಬರೂ ಕಾಯುತ್ತಿದ್ದದ್ದು ಅದಕ್ಕೇ.

ಹುಬ್ಬಳ್ಳಿಯ ಬಾಯಿ ನಲ್ಲಿಯ ಹಾಗೆ ತೆರೆದುಕೊಂಡಿತು. "ಬಾಂಬೆಯವರ, ಮೊದಲು ಆ ಹುಳಿದು ಹೇಳ್ತೀನ್ರಿ. ನೀವು ಬರದಿದ್ದು ಏನೂ ಅಲ್ಲ. ನೀವು ಕಡಿಮಿ ಬರದೀರಿ..." ಹುಳಿಯಿಂದ ಹೊರಟು ತಮ್ಮ ಸಾಹೇಬರನ್ನು ಹಾದು, ಮೀರಜಿನಲ್ಲಿ ಗಾಡಿ ಬದಲಿಸಿದ್ದನ್ನು ಹೇಳಿ, ಉಸಿರು ಎಳೆದುಕೊಂಡು ಕೊನೆಗೆ ತಾವೇ "ಜಿ.ಎ." ಎಂದರು.

ನನ್ನ ಬಾಯಿಯೂ ತೆರೆಯಿತು. ಏನೇನು ಹೇಳಿದೆನೋ. ಹೆಂಡತಿ ಸೌಟು ಹಿಡಿದುಕೊಂಡು ನಿಂತುಬಿಟ್ಟಿದ್ದು ನೆನಪಿದೆ. ಎದುರು ಮನೆಯವರು, "ದನಿ ಒಳ್ಳೆಯದುಂಟು ಇವರದ್ದು" ಎಂದದ್ದೂ ಕೇಳಿಸಿತು.

ಎರಡು ಗಂಟೆಗೆ ನೆರೆಯವರು ಮೆಚ್ಚಿಕೊಂಡು ತಲೆದೂಗಿದರು. ಎರಡೂವರೆಗೆ ಒಬ್ಬೊಬ್ಬರಾಗಿ ಎದ್ದರು. ಮೂರಕ್ಕೆ ಎದುರು ಮನೆಯವರು, ರಜೆ ಇದ್ದರೂ ಹೋಟೆಲಿಗೆ ಒಂದು ಸಲ ಹೋಗಿ ಬರುತ್ತೇನೆಂದು ಚಪ್ಪಲಿ ಹುಡುಕಿದರು. ನಾವು ಜಿ.ಎ. ಕೊಟ್ಟು ಜಿ.ಎ. ತೆಗೆದುಕೊಳ್ಳುತ್ತಲೇ ಇದ್ದೆವು. ಮೂರೂಕಾಲಿಗೆ ಇಳಕಲ್ ಸೀರೆ ಬಾಗಿಲಲ್ಲಿ ಬಂದು ನಿಂತಿತು, ಕೈಯಲ್ಲಿ ಚೀಲ.

"ರೀ, ಬೀಗರು ಬರೋ ಹೊತ್ತಾತು. ಅಣ್ಣ ನನ್ನ ಹರಕೊಂಡು ತಿಂತಾನ." ಹುಬ್ಬಳ್ಳಿ ಕೈ ಎತ್ತಿ ತಡೆದರು, ಆಗ ನನ್ನ ಸರದಿ ನಡೆಯುತ್ತಿತ್ತು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಶುರು ಮಾಡೋದಕ್ಕೆ ಒಂದು ಗುರುತು ಇದೆಯಲ್ಲ, ನಿಲ್ಲಿಸೋದಕ್ಕೂ ಒಂದು ಇರಲೇಬೇಕು. ಇದೆಯೋ ಇಲ್ಲವೋ ಹೇಳಿ, ನಾನೇ ಹೇಳ್ತೀನಿ ಅದನ್ನ."

ಇದೆ. ಎನ್ ಅಕ್ಷರವನ್ನು ನಾಲ್ಕು ಸಲ ಹೊಡೆದರೆ ಸಂದೇಶ ಮುಗಿಯಿತು ಎಂದರ್ಥ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ.

ನಾನು ಹುಬ್ಬಳ್ಳಿಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಯಾರೂ ಯಾರಿಗೂ ಕಾಯದೆ, ಇಬ್ಬರೂ ಒಟ್ಟಿಗೇ "ಇಲ್ಲ" ಎಂದೆವು. ಒಂದು ಅಕ್ಷರವೂ ಕಲಸಿಹೋಗಲಿಲ್ಲ.