ಯಜಮಾನರನ್ನು ನೋಡಿಕೊಳ್ಳುವ ಕೆಲಸ

ಗಲಿಬಿಲಿಗೂ ನನಗೂ ಯಾವ ಜನ್ಮದ ನಂಟೋ ಗೊತ್ತಿಲ್ಲ. ಎಲ್ಲರಿಗೂ ನೆಟ್ಟಗೆ ಅರ್ಥವಾಗುವ ಮಾತು ನನ್ನ ಕಿವಿಗೆ ಬೀಳುವಷ್ಟರಲ್ಲಿ ಅಡ್ಡಡ್ಡ ಆಗಿರುತ್ತೆ.

ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡಿನಲ್ಲಿ ನಾನು ದುಡಿಯುತ್ತಿದ್ದ ನೂಲಿನ ಗಿರಣಿ ಬಾಗಿಲು ಹಾಕಿತು. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು, ಮಗಳು ಇನ್ನೂ ಕೈಗೂಸು. ಕೆಲಸ ಹುಡುಕಿ ಚಪ್ಪಲಿ ಸವೆದ ಮೇಲೆ ನನ್ನ ಬಾಮೈದ ಟಿ. ನರಸೀಪುರದಲ್ಲಿ ಒಂದು ಮನೆ ತೋರಿಸಿದ. ಯಜಮಾನರು ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರಾದವರು. ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು, ಮಾತು ತೊದಲಿತ್ತು. ಮಗ, ಸೊಸೆ ಇಬ್ಬರೂ ಸ್ಕೂಲಲ್ಲಿ ಟೀಚರ್‌ಗಳು, ಬೆಳಿಗ್ಗೆ ಹೋದರೆ ಸಂಜೆಗೇ ಬರೋದು. ಯಜಮಾನರನ್ನು ಎತ್ತಿ ಕೂರಿಸುವ ಶಕ್ತಿ ಅಮ್ಮಾವರಿಗಿರಲಿಲ್ಲ. ನನಗಿಂತ ಮುಂಚೆ ಬಂದವರು ಯಾರೂ ಅಲ್ಲಿ ನಿಂತಿರಲಿಲ್ಲ. ನಾನಂತೂ ನಿಲ್ಲಲೇಬೇಕಿತ್ತು.

ನೋಡಿದ್ದು

"ಕೆಲಸ ಏನ್ಲಾ?" ಅಂತ ಬಾಮೈದನನ್ನು ಕೇಳಿದ್ದೆ. "ಏನಿಲ್ಲ ಭಾವ, ಯಜಮಾನ್ರನ್ನ ನೋಡ್ಕೊಳ್ಳೋದು ಅಷ್ಟೇಯ" ಅಂದಿದ್ದ.

ಮೊದಲ ದಿನ ಹೋದೆ. ಯಜಮಾನರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅಮ್ಮಾವರು ಪೂಜೆಗೆ ಕೂತಿದ್ದರು. ನಾನು ಒಂದು ಸ್ಟೂಲು ಎಳೆದುಕೊಂಡು ಯಜಮಾನರ ಎದುರಿಗೆ ಕೂತು ಅವರನ್ನೇ ನೋಡತೊಡಗಿದೆ. ಅವರೂ ನನ್ನನ್ನು ನೋಡಿದರು. ಎಷ್ಟೋ ಹೊತ್ತು ಇಬ್ಬರೂ ನೋಡಿಕೊಂಡೆವು. ಅವರು ಕೆಮ್ಮಿದರೆ ಇನ್ನೂ ಹತ್ತಿರ ಬಗ್ಗಿ ನೋಡಿದೆ.

ಹಣೆಗೆ ವಿಭೂತಿ ಇಟ್ಟುಕೊಂಡು ಅಮ್ಮಾವರು ಹೊರಗೆ ಬಂದರು.

"ಏನಪ್ಪಾ ಮಾಡ್ತಿದ್ದೀಯ?"

"ಯಜಮಾನ್ರನ್ನ ನೋಡ್ಕೊತಾ ಇವ್ನಿ ಅಮ್ಮಾವ್ರೆ."

"ಹೆಣ್ಣು ನೋಡೋಕೆ ಬಂದವನ ಥರ ಕೂತಿದ್ದೀಯಲ್ಲ! ಒಪ್ಪಿಗೆ ಆಗಿದ್ರೆ ಎದ್ದು ಮುಖ ತೊಳೆಸು."

ಸ್ನಾನ

ಮಾರನೇ ದಿನ ಸ್ನಾನ ಮಾಡಿಸಬೇಕು ಅಂದರು. ನಮ್ಮ ಮನೆಯಲ್ಲಿ ನನಗೇ ಹೆಂಡತಿ ನೀರು ಬೆರೆಸಿ ಇಡಬೇಕು. ಮನೆಗೆ ಬಂದು ಅವಳನ್ನು ಕೇಳಿದೆ, "ಲೇ, ನೀರಿನ ಹದ ಹೆಂಗೆ ಗೊತ್ತಾಗ್ತದೆ?"

ಅವಳು ಹೊಲಿಗೆ ಮಿಷನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮದ್ವೆ ಆದಾಗಿಂದ ದಿನಾ ನೀರು ಹುಯ್ಕೊತಾ ಇದೀರ. ಇವತ್ತು ಅದು ಬಿಸಿ ಇತ್ತು ಅಂತ ಗೊತ್ತಾಯ್ತಾ?" ಅಂದಳು. ಆಮೇಲೆ ಮಗಳಿಗೆ ಸ್ನಾನ ಮಾಡಿಸುತ್ತಾ ಒಂದೊಂದೇ ತೋರಿಸಿದಳು. ಮೊಣಕೈ ಅದ್ದಿ ಬಿಸಿ ನೋಡೋದು, ಕತ್ತಿನ ಹಿಂದೆ ಕೈ ಕೊಡೋದು, ಒರೆಸೋದು, ಪೌಡರ್ ಹಾಕೋದು. "ನಾ ಮಾಡ್ದಂಗೇ ಮಾಡಿ, ಒಂದೂ ಬಿಡ್ಬೇಡಿ" ಅಂದಳು.

ನಾನು ಒಂದೂ ಬಿಡಲಿಲ್ಲ. ಯಜಮಾನರಿಗೆ ಸ್ನಾನ ಸುಖವಾಗಿಯೇ ಆಯಿತು. ಅವರನ್ನು ವರಾಂಡದ ಬಿಸಿಲಿಗೆ ಕೂರಿಸಿ, ಅಬ್ಬಾ ಗೆದ್ದೆ ಅಂತ ಬಕೆಟ್ಟು ಬೋರಲು ಹಾಕುತ್ತಿದ್ದೆ. ಅಷ್ಟರಲ್ಲಿ ಅವರನ್ನು ನೋಡಲು ಕಚೇರಿಯ ಹಳೇ ಸ್ನೇಹಿತರು ಬಂದರು. ಬಂದವರೆಲ್ಲ ಯಾಕೋ ಟವೆಲ್ಲು ಬಾಯಿಗೆ ಒತ್ತಿಕೊಂಡರು.

ಅಮ್ಮಾವರು ಬಂದು ನೋಡುತ್ತಾರೆ, ಶಿರಸ್ತೇದಾರರ ಎಡಗೆನ್ನೆಯ ಮೇಲೆ ಕಾಡಿಗೆಯ ದೊಡ್ಡ ದೃಷ್ಟಿಬೊಟ್ಟು!

"ಇದೇನಯ್ಯಾ?"

"ಮಗೀಗೆ... ನಮ್ಮನೇಲಿ ಕೊನೆಗೆ ಅದನ್ನೂ ಇಡ್ತಾರೆ ಅಮ್ಮಾವ್ರೆ."

ಅಮ್ಮಾವರು ಗಂಡನ ಮುಖವನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದರು. "ಈ ವಯಸ್ಸಲ್ಲಿ ಇವರ ಮೇಲೆ ಯಾರು ಕಣ್ಣು ಹಾಕ್ತಾರೋ ಕಾಣೆ" ಅಂದರು. ಆದರೆ ಒರೆಸಲಿಲ್ಲ.

ಬಸ್ಸು

ದಿನಾ ನಂಜನಗೂಡಿನಿಂದ ಕೊಳ್ಳೇಗಾಲದ ಬಸ್ಸು ಹತ್ತಿ ನರಸೀಪುರದಲ್ಲಿ ಇಳಿಯುತ್ತಿದ್ದೆ. ಒಂದು ದಿನ ಪಕ್ಕದ ಸೀಟಿನಲ್ಲಿ ಒಬ್ಬರು ಹಿರಿಯರು ತೂಕಡಿಸುತ್ತಿದ್ದರು. ಸ್ಟ್ಯಾಂಡು ಬಂತು. ನನ್ನ ಕೈ ತಾನಾಗಿಯೇ ಅವರ ಕಂಕುಳಿಗೆ ಹೋಯಿತು. "ನಿಧಾನ, ನಿಧಾನ, ಎಡಗಾಲು ಮುಂದಿಡಿ... ಭಾರ ನನ್ಮೇಲೆ ಬಿಡಿ... ಶಹಬ್ಬಾಸ್" ಅನ್ನುತ್ತಾ ಇಳಿಸಿಯೇಬಿಟ್ಟೆ. ಅವರೂ ನಿದ್ದೆಗಣ್ಣಲ್ಲಿ ಹೇಳಿದಂತೆ ಕೇಳಿದರು. ಬಸ್ಸು ಹೊರಟುಹೋಯಿತು.

"ಕೊಳ್ಳೇಗಾಲ ಬಂತಾ ಮಗ?"

"ಇಲ್ಲ ಯಜಮಾನ್ರೇ, ಇದು ನರಸೀಪುರ."

"ಮತ್ತೆ ನನ್ನನ್ಯಾಕಪ್ಪಾ ಇಳಿಸ್ದೆ?"

ಟೀ ಕುಡಿಸಿದೆ, ಕೈಮುಗಿದೆ, ಇನ್ನೊಂದು ಬಸ್ಸು ಬರುವವರೆಗೂ ಜೊತೆಗೇ ನಿಂತೆ. ಹತ್ತಿಸಲು ಕೈ ಚಾಚಿದರೆ ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು ಕೊಡೆ ಅಡ್ಡ ಹಿಡಿದರು. ಕಂಡಕ್ಟರನಿಗೆ ಕೂಗಿ ಹೇಳಿದರು:

"ನೋಡಪ್ಪಾ, ಟಿಕೇಟು ಆಮೇಲೆ ಕೊಡು. ಮೊದ್ಲು ಇವನು ಈ ಬಸ್ಸಿಗೆ ಬರಲ್ಲ ಅಂತ ಹೇಳು!"

ಊಟದ ಪಂಕ್ತಿ

ಕವಲಂದೆಯಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಹೆಂಡತಿಯ ಸೋದರಮಾವ, ಗಿರಿಜಾ ಮೀಸೆಯ ಭಾರೀ ಆಳು. ಪಾಯಸ ಮೀಸೆಯಿಂದ ಗಲ್ಲಕ್ಕೆ ಇಳಿಯುತ್ತಿತ್ತು. ನಾನು ಹೆಗಲ ಮೇಲಿನ ಟವೆಲ್ಲು ತೆಗೆದು ಅವರ ಬಾಯಿ ಒರೆಸಿ, "ಇನ್ನೊಂದೇ ತುತ್ತು" ಅಂದೆ.

ಪಂಕ್ತಿಗೆ ಪಂಕ್ತಿಯೇ ನಮ್ಮ ಕಡೆ ತಿರುಗಿತು. ಮಾವ ಕಣ್ಣು ಕೆಂಪಗೆ ಮಾಡಿ, "ಏನ್ಲಾ ಇದು?" ಅಂತ ಗುಡುಗಿದರು.

ಎದುರು ಸಾಲಿನಿಂದ ನನ್ನ ಹೆಂಡತಿ, "ಸುಮ್ಕೆ ಒರೆಸಿಸ್ಕೊ ಮಾವ. ನರಸೀಪುರದಲ್ಲಿ ಇದಕ್ಕೆ ಸಂಬಳ ಕೊಡ್ತಾರೆ, ನಿಂಗೆ ಪುಕ್ಕಟೆ!" ಅಂದಳು.

ಸಾರು

ಬರಬರುತ್ತಾ ಯಜಮಾನರ ತೊದಲು ಮಾತು ಆ ಮನೆಯಲ್ಲಿ ನನಗೇ ಚೆನ್ನಾಗಿ ಅರ್ಥವಾಗತೊಡಗಿತು. ಅವರು ಏನಂದರೂ ಅಮ್ಮಾವರು ನನ್ನ ಕಡೆ ತಿರುಗಿ "ಏನಂತಪ್ಪಾ?" ಅನ್ನೋರು. ನಾನು ಬಿಡಿಸಿ ಹೇಳುತ್ತಿದ್ದೆ.

ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರಿಂದ ಅಮ್ಮಾವರು ಸಪ್ಪೆ ಸಾರು ಮಾಡುತ್ತಿದ್ದರು. ಒಂದು ಮಧ್ಯಾಹ್ನ ಯಜಮಾನರು ಒಂದು ತುತ್ತು ನುಂಗಿ ಏನೋ ಗುರುಗುಟ್ಟಿದರು. "ಇದನ್ನ ತಗೊಂಡೋಗಿ ಹೊಳೆಗೆ ಸುರಿ, ಮೀನೂ ಮೂಸಲ್ಲ" ಅಂದಿದ್ದರು.

"ಏನಂತಪ್ಪಾ?" ಅಂದರು ಅಮ್ಮಾವರು, ಸೌಟು ಹಿಡಿದು.

ಇದ್ದದ್ದು ಹೇಳಿದರೆ ಜಗಳ ನನ್ನ ತಲೆಗೇ ಬರುತ್ತೆ. "ಸಾರು ಬೋ ಚೆನ್ನಾಗೈತಂತೆ ಅಮ್ಮಾವ್ರೆ" ಅಂದೆ. ಅಮ್ಮಾವರ ಮುಖ ಅರಳಿತು. ಇನ್ನೊಂದು ಸೌಟು ಬಡಿಸಿದರು.

ಯಜಮಾನರು ಎಡಗೈಯಿಂದ ಮಂಚ ಕುಟ್ಟಿ, "ಸುಳ್ಳ! ಸುಳ್ಳ!" ಅಂದರು.

"ಇನ್ನೂ ಸ್ವಲ್ಪ ಬೇಕಂತೆ" ಅಂದೆ.

ದಿನಾ ಇದೇ ಆಯಿತು. ಯಜಮಾನರು ಬೈಯೋದು, ನಾನು ಹೊಗಳೋದು, ಅಮ್ಮಾವರು ಬಡಿಸೋದು. ಆದರೆ ದಿನಾ ಮಾತಿನ ಅಭ್ಯಾಸ ಮಾಡಿಸುತ್ತಿದ್ದವನೂ ನಾನೇ. ಒಂದು ಭಾನುವಾರ, ಮಗ ಸೊಸೆ ಎಲ್ಲ ಇದ್ದಾಗ, ಯಜಮಾನರು ಕಂಚಿನ ಗಂಟೆಯ ಹಾಗೆ ಸ್ಪಷ್ಟವಾಗಿ ಹೇಳಿದರು: "ಇವನು ಹೇಳೋದೆಲ್ಲ ಸುಳ್ಳು! ಸಾರು ಕೆಟ್ಟದಾಗಿದೆ!"

ಕೆಲಸ ಹೋಯಿತು ಅಂದುಕೊಂಡೆ. ಮಾತು ಬಂತಲ್ಲ ಅಂತ ಸಂತೋಷ ಪಡಬೇಕೋ, ಸಿಕ್ಕಿಬಿದ್ದೆ ಅಂತ ಅಳಬೇಕೋ ತಿಳಿಯಲಿಲ್ಲ.

ಅಮ್ಮಾವರು ಮಾತ್ರ ಸೌಟು ಕೆಳಗಿಡಲೂ ಇಲ್ಲ. "ನಂಗೆ ಮೊದಲ ದಿನವೇ ಗೊತ್ತು. ಬಾಯಿ ನೆಟ್ಟಗಿದ್ದಾಗಲೂ ಇವರು ಹೇಳ್ತಿದ್ದಿದ್ದು ಇದನ್ನೇ. ಜೀವಮಾನವೆಲ್ಲ ಕೇಳಿದ್ದೀನಿ" ಅಂದು ನನ್ನ ಕಡೆ ತಿರುಗಿದರು. "ನೀನು ಹೇಳಪ್ಪಾ, ಸಾರು ಹೆಂಗಿದೆಯಂತೆ?"

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಿದೆ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಮುದ್ದೆ ಇಟ್ಟು ಸಾರು ಬಿಟ್ಟಳು.

"ಹೆಂಗೈತೆ?"

"ಉಪ್ಪು ಒಸಿ ಜಾಸ್ತಿ ಆಗೈತೆ" ಅಂದೆ.

ಅವಳ ನಗು ನಿಂತಿತು. "ನೋಡಿ, ನಮ್ಮನೇಲಿ ನೀವಂದದ್ದನ್ನ ತಿದ್ದಿ ಹೇಳೋಕೆ ಆಳಿಲ್ಲ. ನೀವೇ ಅಂದಿದೀರ, ನೀವೇ ತಿದ್ಕೊಳ್ಳಿ."

"ಸಾರು ಬೋ ಚೆನ್ನಾಗೈತೆ ಕಣೇ."

ತಟ್ಟೆಗೆ ಇನ್ನೊಂದು ಸೌಟು ಬಿತ್ತು.